ಮಾವನ ಕೋವಿ ಮತ್ತು ಎಂಟು ಸೀಸನ್ ಜಾಂಬಿಗಳು

ಟೀವಿಯಲ್ಲಿ ಯಾರಾದರೂ ಗುಂಡು ಹಾರಿಸಿದರೆ ನನ್ನ ಹೆಬ್ಬೆರಳು ತಾನಾಗಿಯೇ ಗೆಣ್ಣಿನಿಂದ ಗೆಣ್ಣಿಗೆ ಹತ್ತತೊಡಗುತ್ತದೆ. ಒಂದು, ಎರಡು, ಮೂರು. ಹೊಸಬರು ಯಾರಾದರೂ ನೋಡಿದರೆ ಜಪ ಎಂದುಕೊಂಡಾರು. ನನ್ನ ಹೆಂಡತಿ ಶೈಲಾ ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಬೆಳೆದವಳು, ಜಪ ಮಾಡುವವರ ಮುಖ ಹೇಗಿರುತ್ತದೆ ಎಂದು ಬಲ್ಲವಳು. ಅವಳು ಮೋಸಹೋಗುವುದಿಲ್ಲ. ಅಡುಗೆಮನೆಯಿಂದಲೇ "ಎಷ್ಟಾಯ್ತು?" ಎಂದು ಕೇಳುತ್ತಾಳೆ. ಇಪ್ಪತ್ತಮೂರು ಎನ್ನುತ್ತೇನೆ. ಕೈಯಲ್ಲಿರುವುದು ಯಾವುದು ಎನ್ನುತ್ತಾಳೆ. ಆರು ಗುಂಡಿನ ಪಿಸ್ತೂಲು ಎನ್ನುತ್ತೇನೆ. "ಹಾಗಾದ್ರೆ ಇನ್ನೂ ಬೇಕಾದಷ್ಟಿದೆ ಬಿಡಿ" ಎಂದು ಸಾರಿಗೆ ಒಗ್ಗರಣೆ ಹಾಕುತ್ತಾಳೆ.

ಈ ಚಾಳಿ ನನಗೆ ಅಂಟಿದ್ದು ಹೋದ ಬೇಸಿಗೆಯಲ್ಲಿ, ಸೋದರಮಾವ ರುದ್ರಪ್ಪನವರಿಂದ. ಮಾವನ ಊರು ಅರಕಲಗೂಡಿನಿಂದ ಇನ್ನೂ ಆಚೆ. ಆಲೂಗೆಡ್ಡೆ, ಮುಸುಕಿನ ಜೋಳ, ನಾಲ್ಕು ಹಸು. ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ಬಂದವರನ್ನು ಕೆಮ್ಮಿನಿಂದ ಗುರುತು ಹಿಡಿಯುವ ಸ್ಥಿತಿಗೆ ತಲುಪಿದ ಮೇಲೆ ಆಪರೇಷನ್ನಿಗೆಂದು ಹಾಸನಕ್ಕೆ ಬಂದು ನಮ್ಮ ಮನೆಯಲ್ಲಿ ಉಳಿದರು. ಜೊತೆಗೆ ಗೌರಮ್ಮ ಅತ್ತೆ. ಮೊದಲು ಒಂದು ಕಣ್ಣು, ಹದಿನೈದು ದಿನ ಬಿಟ್ಟು ಇನ್ನೊಂದು. ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ ನೀರು ಹಾಕಬಾರದು, ಹೊಗೆಯ ಹತ್ತಿರ ಹೋಗಬಾರದು, ಬಿಸಿಲಿಗೆ ಹೋಗಬಾರದು ಎಂದು ಡಾಕ್ಟರು ಪಟ್ಟಿ ಕೊಟ್ಟರು. ಮನುಷ್ಯ ಬದುಕಿದ್ದಾನೆ ಎಂದು ತೋರಿಸುವ ಕೆಲಸಗಳಲ್ಲಿ ಇವಿಷ್ಟನ್ನು ಕಳೆದರೆ ಉಳಿಯುವುದು ಎರಡೇ, ಊಟ ಮತ್ತು ಟೀವಿ. ಹೀಗೆ ಮಾವ ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದ ಮೇಲೆ ಪ್ರತಿಷ್ಠಾಪನೆಗೊಂಡರು.

ನಾನೋ, ಮೈಸೂರಿನಲ್ಲಿ ಚರಿತ್ರೆಯ ಎಂ.ಎ. ಓದಿ ಬಂದವನು. ಹಾಸನದ ಕಾಲೇಜೊಂದರಲ್ಲಿ ಅದನ್ನೇ ಪಾಠ ಹೇಳುವವನು. ಯಾವುದನ್ನೂ ಆಧಾರವಿಲ್ಲದೆ ನಂಬಬಾರದು ಎಂದು ವಿಶ್ವವಿದ್ಯಾನಿಲಯ ನನಗೆ ಕಲಿಸಿತು. ನಾನು ಮೊದಲು ವಿಶ್ವವಿದ್ಯಾನಿಲಯವನ್ನೇ ನಂಬುವುದು ಬಿಟ್ಟೆ. ಸ್ಥಳಪುರಾಣ ನಂಬುವುದಿಲ್ಲ, ಪತ್ರಿಕೆ ನಂಬುವುದಿಲ್ಲ, ನನ್ನ ಜಾತಕದಲ್ಲಿ ಬರೆದಿರುವ ಹುಟ್ಟಿದ ವೇಳೆಯನ್ನೂ ನಂಬುವುದಿಲ್ಲ. ಆದರೆ ಬೇಸಿಗೆ ರಜೆ ಬಂತೆಂದರೆ, ಸತ್ತವರು ಎದ್ದು ಬಂದು ಬದುಕಿದವರನ್ನು ಕಚ್ಚಿ ತಿನ್ನುವ ಧಾರಾವಾಹಿಯನ್ನು ಎಂಟು ಸೀಸನ್ನುಗಳಷ್ಟು ಕೂತು ನೋಡುತ್ತೇನೆ. ಯಾರಾದರೂ ಕೇಳಿದರೆ, ನಾಗರಿಕತೆಯ ಪತನದ ಅಧ್ಯಯನ ಎನ್ನುತ್ತೇನೆ. ಶೈಲಾ ಅದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯುವುದು ಬೇಡ.

ಮಾವನಿಗೆ ಜಾಂಬಿ ಎಂದರೇನು ಎಂದು ವಿವರಿಸುವುದು ನಾನು ಎಣಿಸಿದಷ್ಟು ಕಷ್ಟವಾಗಲಿಲ್ಲ. ಸತ್ತ ಮೇಲೂ ಓಡಾಡುತ್ತಾರೆ ಎಂದೆ. ಮಾವ ತಲೆಯಾಡಿಸಿದರು. ಅತ್ತೆಯಂತೂ ಮೂಲಕಾರಣವನ್ನೇ ಹಿಡಿದುಬಿಟ್ಟರು. ಇವರಿಗೆ ಯಾರೂ ತಿಥಿ ಮಾಡಿಲ್ಲ, ಸಮಾಧಿಗೆ ಹಾಲು ಬಿಟ್ಟಿಲ್ಲ, ಮತ್ತಿನ್ನೇನು ಮಾಡುತ್ತಾರೆ ಪಾಪ, ಎದ್ದು ಬರುತ್ತಾರೆ ಎಂದರು. ಧಾರಾವಾಹಿಯ ವಿಜ್ಞಾನಿಗಳು ಎಂಟು ಸೀಸನ್ ತಡಕಾಡಿ ವೈರಸ್ಸೋ ಬ್ಯಾಕ್ಟೀರಿಯವೋ ಎಂದು ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಅತ್ತೆ ಮೊದಲ ಸಂಚಿಕೆ ಮುಗಿಯುವ ಮುಂಚೆಯೇ ಕಡತ ಮುಚ್ಚಿದರು.

ಅದು ಕನ್ನಡಕ್ಕೆ ಡಬ್ ಆದ ಧಾರಾವಾಹಿ. ಅಲ್ಲಿ ಯಾರಿಗೂ ಗಾಬರಿಯಾಗುವುದಿಲ್ಲ, ಎಲ್ಲರೂ "ಭಯಭೀತ"ರಾಗುತ್ತಾರೆ. ಕಾಲು ಕಚ್ಚಿಸಿಕೊಂಡವನು ಕೂಡ ಶುದ್ಧ ವ್ಯಾಕರಣದಲ್ಲಿ ಒಂದು ಪ್ಯಾರಾ ಮಾತಾಡಿ ಆಮೇಲೆ ಸಾಯುತ್ತಾನೆ. ಕಥೆಯಲ್ಲಿ ಮುಖ್ಯರು ಇಬ್ಬರು. ಒಬ್ಬ ಸ್ಕೂಲ್ ಬಸ್ಸಿನ ಡ್ರೈವರ್, ಇನ್ನೊಬ್ಬಳು ಹಲ್ಲಿನ ಡಾಕ್ಟರು. ಡ್ರೈವರ್ ಮೊದಲ ಸೀಸನ್ನಿನಲ್ಲಿ ದಾರಿಯಲ್ಲಿ ಕೈ ತೋರಿದವರಿಗೆಲ್ಲ ಬಸ್ ನಿಲ್ಲಿಸುತ್ತಾನೆ. ನಾಲ್ಕನೆಯ ಸೀಸನ್ನಿನ ಹೊತ್ತಿಗೆ ಯಾರಿಗೂ ನಿಲ್ಲಿಸುವುದಿಲ್ಲ. ಇದನ್ನು ಪಾತ್ರದ ಬೆಳವಣಿಗೆ ಎನ್ನುತ್ತಾರೆ, ಸಂಕಟದಲ್ಲಿ ಮನುಷ್ಯನ ಒಳಗು ನಿಧಾನವಾಗಿ ಬದಲಾಗುವುದನ್ನು ಇಷ್ಟು ವಿವರವಾಗಿ ತೋರಿಸುವುದೇ ಈ ಪ್ರಕಾರದ ಹೆಚ್ಚುಗಾರಿಕೆ ಎಂದು ನಾನು ಅತ್ತೆಗೆ ಪಾಠ ಹೇಳಿದೆ. ಅತ್ತೆ ಸೊಪ್ಪು ಸೋಸುತ್ತ ಕೇಳಿಸಿಕೊಂಡರು.

"ಬೆಳ್ದಿರೋದು ಗಡ್ಡ ಕಣಪ್ಪ" ಎಂದರು.

ನಾನು ಹಿಂದಿನ ಸೀಸನ್ನುಗಳನ್ನು ತಿರುಗಿಸಿ ನೋಡಿದೆ. ಅತ್ತೆಯ ಮಾತಿನಲ್ಲಿ ತಪ್ಪು ಹುಡುಕುವುದು ಸಾಧ್ಯವಾಗಲಿಲ್ಲ. ಮೊದಲ ಸೀಸನ್ನಿನಲ್ಲಿ ನುಣ್ಣಗೆ ಬೋಳಿಸಿದ ಗಲ್ಲ, ಆದ್ದರಿಂದ ಅಂಜುಬುರುಕ. ಮೂರನೆಯದರಲ್ಲಿ ಕುರುಚಲು, ಆದ್ದರಿಂದ ದ್ವಂದ್ವ. ಐದನೆಯದರಲ್ಲಿ ಎದೆಗೆ ಇಳಿದ ಗಡ್ಡ, ಆದ್ದರಿಂದ ನಾಯಕ. ಹಲ್ಲಿನ ಡಾಕ್ಟರಿಗೆ ಗಡ್ಡದ ಅನುಕೂಲ ಇಲ್ಲವಾದ್ದರಿಂದ ಅವಳು ಪ್ರತಿ ದುಃಖಕ್ಕೂ ಜಡೆ ಕತ್ತರಿಸಿಕೊಳ್ಳುತ್ತಾಳೆ. ಗಂಡ ಜಾಂಬಿಯಾದಾಗ ಭುಜದವರೆಗೆ, ತಂಗಿ ಹೋದಾಗ ಕಿವಿಯವರೆಗೆ. ಬಸ್ಸು ನಿಲ್ಲಿಸದ ವಿಚಾರಕ್ಕೆ ಬಂದರೆ, ಅದಕ್ಕೆ ಜಾಂಬಿಗಳೇನೂ ಬೇಕಾಗಿಲ್ಲ, ಅರಕಲಗೂಡಿನ ಕಡೆಯ ಡ್ರೈವರುಗಳೆಲ್ಲ ಕೆಲಸಕ್ಕೆ ಸೇರಿದ ಎರಡನೆಯ ವಾರಕ್ಕೇ ಅಷ್ಟು ಬೆಳೆದಿರುತ್ತಾರೆ ಎಂಬುದು ಅತ್ತೆಯ ಅಭಿಪ್ರಾಯ.

ಪಾತ್ರಗಳ ಇಲಾಖೆ ಅತ್ತೆಯದಾದರೆ ಆಯುಧಗಳ ಇಲಾಖೆ ಮಾವನದು. ಒಂದು ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು, ಇನ್ನೊಂದರಿಂದ ಮಸುಕು ಮಸುಕಾಗಿ ನೋಡುತ್ತ, ಮಾವ ಸದ್ದನ್ನು ಎಣಿಸುತ್ತಿದ್ದರು. ನನ್ನ ಹೆಬ್ಬೆರಳಿನ ಗುರು ಅವರೇ. ಪಿಸ್ತೂಲಿನಿಂದ ಮೂವತ್ತು ಗುಂಡು ಹಾರಿದ ಮೇಲೆ, ಇವನು ತೋಟಾ ತುಂಬಿದ್ದು ಯಾವಾಗ ಎಂದು ಕೇಳುತ್ತಿದ್ದರು. ಪ್ರಪಂಚದಲ್ಲಿ ಅಂಗಡಿಯೇ ಇಲ್ಲವಲ್ಲ, ಇವನು ಏಳು ವರ್ಷದಿಂದ ತೋಟಾ ಎಲ್ಲಿ ಕೊಳ್ಳುತ್ತಿದ್ದಾನೆ? ಮಳೆಯಲ್ಲಿ ನೆಂದ ಬಂದೂಕು ತುಕ್ಕು ಹಿಡಿಯುವುದಿಲ್ಲವೇ? ಬಂದೂಕು ಸಿಡಿದರೆ ಹಿಂದಕ್ಕೆ ಒದೆಯುತ್ತದೆ, ಆ ಹೆಣ್ಣುಮಗಳ ಭುಜ ಇಷ್ಟು ಹೊತ್ತಿಗೆ ಕಳಚಿ ಕೈಗೆ ಬಂದಿರಬೇಕಾಗಿತ್ತು. ಮುಚ್ಚಿದ ಕೋಣೆಯಲ್ಲಿ ಅಷ್ಟು ಗುಂಡು ಹಾರಿಸಿ ಆಮೇಲೆ ಪಿಸುಮಾತಿನಲ್ಲಿ ಪ್ರೀತಿ ಹೇಳಿಕೊಳ್ಳುತ್ತಾರಲ್ಲ, ಕಿವಿ ಹೇಗೆ ಕೇಳಿಸುತ್ತದೆ? ಒಂದು ದಿನ ಬಹಳ ಹೊತ್ತು ಯೋಚಿಸಿ ಹೀಗೆ ಕೇಳಿದರು.

"ಅಲ್ಲ ಕಣ್ಲಾ, ಇವ್ರೂರಾಗೆ ಎಲೆಕ್ಷನ್ನೇ ಬರಾಕಿಲ್ವಾ? ಎಲ್ರ ಕೈಯಾಗೂ ಯಾವಾಗ್ಲೂ ಕೋವಿ ಐತಲ್ಲ."

ಈ ಪ್ರಶ್ನೆಯ ಆಳ ತಿಳಿಯಬೇಕಾದರೆ ಮಾವನ ಕೋವಿಯ ಜೀವನಚರಿತ್ರೆ ಗೊತ್ತಿರಬೇಕು. ಅದು ತೋಟಾ ಹಾಕುವ ಬಂದೂಕಲ್ಲ, ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಕಬ್ಬಿಣದ ಸಲಾಕೆಯಿಂದ ಜಡಿದು, ಮೇಲೆ ಸೀಸದ ಚರೆ ಹಾಕಿ, ಮತ್ತೆ ನಾರು ತುರುಕಿ, ಮತ್ತೆ ಜಡಿದು, ಕೊನೆಗೆ ಹಿಂಭಾಗದಲ್ಲಿ, ಮದ್ದಿಗೆ ಕಿಡಿ ಕೊಡುವ ಕಡಲೆಯಷ್ಟು ದೊಡ್ಡ ಕೇಪು ಕೂರಿಸಬೇಕು. ಇಷ್ಟಾದ ಮೇಲೆ ಒಂದು ಸಲ ಹೊಡೆಯಬಹುದು. ಒಂದೇ ಸಲ. ನಮ್ಮ ಡ್ರೈವರನ ಕೈಗೆ ಇದನ್ನು ಕೊಟ್ಟಿದ್ದರೆ ಮೊದಲ ಸಂಚಿಕೆಯ ಜಾಹೀರಾತಿಗೆ ಮುಂಚೆಯೇ ಧಾರಾವಾಹಿ ಮುಗಿದು ನಾವೆಲ್ಲ ಬೇರೆ ಕೆಲಸ ನೋಡಿಕೊಳ್ಳಬಹುದಾಗಿತ್ತು. ಪರವಾನಗಿ ಮೊದಲು ನನ್ನ ತಾತನ ಹೆಸರಿನಲ್ಲಿತ್ತು, ಆಮೇಲೆ ಮಾವನ ಹೆಸರಿಗೆ ಬಂತು. ಪರವಾನಗಿಯಲ್ಲಿ ಬರೆದಿರುವ ಉದ್ದೇಶ ಬೆಳೆ ರಕ್ಷಣೆ. ಅಲ್ಲಿ ಕಾಡುಹಂದಿಗಳು ಆಲೂಗೆಡ್ಡೆಯ ಸಾಲನ್ನು ನಮಗಿಂತ ಅಚ್ಚುಕಟ್ಟಾಗಿ ಅಗೆಯುತ್ತವೆ. ಆದರೆ ಚುನಾವಣೆ ಘೋಷಣೆಯಾಯಿತೆಂದರೆ ಪರವಾನಗಿಯ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಿ ಚೀಟಿ ಪಡೆಯಬೇಕು, ಎಲ್ಲ ಮುಗಿದ ಮೇಲೆ ಚೀಟಿ ತೋರಿಸಿ ಬಿಡಿಸಿಕೊಂಡು ಬರಬೇಕು. ಪಂಚಾಯ್ತಿ, ವಿಧಾನಸಭೆ, ಲೋಕಸಭೆ, ನಡುವೆ ಯಾರಾದರೂ ತೀರಿಕೊಂಡರೆ ಉಪಚುನಾವಣೆ. ಕೋವಿ ಎಣ್ಣೆ ಒರೆಸಿಕೊಂಡು ಗೋಣಿಚೀಲ ಹೊದ್ದುಕೊಂಡು ಬಸ್ಸಿನಲ್ಲಿ ಹೋಗುತ್ತಿತ್ತು, ಬರುತ್ತಿತ್ತು. ಬಾಣಂತನಕ್ಕೆ ತವರಿಗೆ ಹೋಗುವ ಹೆಣ್ಣುಮಗಳ ಹಾಗೆ.

ಹೀಗಿದ್ದರೂ ಆಯುಧದ ವಿಷಯದಲ್ಲಿ ಮಾವ ಹೇಳಿದ್ದಕ್ಕೆಲ್ಲ ನಾನು ತಲೆಯಾಡಿಸುತ್ತಿದ್ದೆ. ಏಕೆಂದರೆ ಎಲ್ಲವನ್ನೂ ಸಂಶಯಿಸುವ ನನ್ನ ಬಳಿ ಸಂಶಯವಿಲ್ಲದ ನೆನಪು ಒಂದೇ ಒಂದು ಇತ್ತು. ಅದು ಮಾವ ಕೋವಿ ಹಾರಿಸಿದ ಸಂಜೆ.

ನನಗೆ ಆಗ ಎಂಟು ವರ್ಷ. ರಜೆಗೆ ಮಾವನ ಊರಿಗೆ ಹೋಗಿದ್ದೆ. ಹೊತ್ತು ಮುಳುಗುವ ಸಮಯ. ಹೊಲದ ಕಾವಲು ಗುಡಿಸಿಲ ಮುಂದೆ ಬೆಂಕಿ, ಬೂದಿಯಲ್ಲಿ ಹೂತಿಟ್ಟ ಆಲೂಗೆಡ್ಡೆ. ಸಿಪ್ಪೆ ಸೀದು ಕಪ್ಪಾಗಿ, ಒಳಗೆ ಹಳದಿ ಹಿಟ್ಟಿನಂತೆ ಬೆಂದಿರುವ ಅದನ್ನು ಉಪ್ಪು ಹಚ್ಚಿಕೊಂಡು ತಿಂದರೆ ಅಂಗೈ ಸುಡುತ್ತಿತ್ತು. ಚಳಿಗೆ ನನಗೆ ಕರಿಕಂಬಳಿ ಹೊದಿಸಿದ್ದರು, ಅದು ಕುರಿಯ ವಾಸನೆ ಹೊಡೆಯುತ್ತಿತ್ತು. ಆಲೂಗೆಡ್ಡೆಯ ಸಾಲಿನಲ್ಲಿ ಏನೋ ಅಲ್ಲಾಡಿತು. ಮಾವ ಕೋವಿ ಎತ್ತಿದರು. ಢಮ್ಮೆಂದಿತು. ಹೊಗೆ. ಎಡಗಿವಿ ಎರಡು ದಿನ ಗುಂಯ್ ಎನ್ನುತ್ತಿತ್ತು. ಹಂದಿ ಓಡಿಹೋಯಿತು.

ಓಡಿಹೋಯಿತು ಎನ್ನುವುದು ಪ್ರೌಢಶಾಲೆಯವರೆಗಿನ ಪಾಠ. ಪಿ.ಯು.ಸಿ. ಹೊತ್ತಿಗೆ ಹಂದಿ ಗಾಯಗೊಂಡು ಕುಂಟುತ್ತ ಓಡಿತು. ಮೈಸೂರಿನ ಹಾಸ್ಟೆಲಿನಲ್ಲಿ ಅದು ಅಲ್ಲೇ ಬಿತ್ತು. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹಂದಿಗಳು ಎರಡಾದವು. ಎಂಟು ಸೀಸನ್ನುಗಳ ಬರಹಗಾರರು ನನ್ನನ್ನು ಕೂಡಲೇ ಕೆಲಸಕ್ಕೆ ತೆಗೆದುಕೊಳ್ಳಬಹುದಾಗಿತ್ತು. ಆದರೆ ಆ ಸದ್ದು, ಆ ಹೊಗೆ, ಕಿವಿಯ ಗುಂಯ್, ಈ ಮೂರು ಯಾವ ಪಾಠಾಂತರದಲ್ಲೂ ಬದಲಾಗಿರಲಿಲ್ಲ. ಪಾಠಾಂತರಗಳಲ್ಲಿ ಬದಲಾಗದ್ದೇ ಮೂಲ ಎಂಬುದು ನಮ್ಮ ಶಾಸ್ತ್ರದ ನಿಯಮ.

ಶೈಲಾ ಮಾತ್ರ ಈ ಶಾಸ್ತ್ರಕ್ಕೆ ಮರ್ಯಾದೆ ಕೊಡುವುದಿಲ್ಲ. ಅವಳಿಗೆ ಮೊಸಳೆಯ ಪ್ರಸಂಗ ಗೊತ್ತು. ಹಾಸನದ ಪಕ್ಕದಲ್ಲೇ ಮೊಸಳೆ ಎಂಬ ಊರಿದೆ, ಅಲ್ಲಿ ಒಂದರ ಪಕ್ಕ ಒಂದು, ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ ಹೊಯ್ಸಳರ ಜೋಡಿ ಗುಡಿಗಳಿವೆ. ಮದುವೆಯಾದ ಹೊಸತರಲ್ಲಿ ಅವಳನ್ನು ಕರೆದುಕೊಂಡು ಹೋಗುವಾಗ, ಚಿಕ್ಕಂದಿನಲ್ಲಿ ನಾನು ಈ ಗುಡಿಯನ್ನು ನೋಡಿದ್ದೇನೆ, ಬಯಲಿನಲ್ಲಿ ಒಂಟಿಯಾಗಿ ನಿಂತ ಅದರ ಏಕಾಂತವೇ ಅದರ ಸೊಗಸು ಎಂದು ಬೈಕಿನ ಮೇಲೆ ದಾರಿಯುದ್ದಕ್ಕೂ ಹೇಳಿದ್ದೆ. ಹೋಗಿ ನೋಡಿದರೆ ಎರಡಿವೆ. ಇಡೀ ಒಂದು ಕಲ್ಲಿನ ದೇವಸ್ಥಾನವನ್ನು ನನ್ನ ನೆನಪು ಸದ್ದಿಲ್ಲದೆ ಕೆಡವಿ ನೆಲಸಮ ಮಾಡಿತ್ತು. ಶೈಲಾ ಎರಡನ್ನೂ ಪ್ರದಕ್ಷಿಣೆ ಹಾಕಿ ಬಂದು, "ಚರಿತ್ರೆ ಎಂ.ಎ. ಅಂದ್ರಲ್ಲ, ರೆಗ್ಯುಲರ್ರೋ ಅಂಚೆ ತೆರಪೋ?" ಎಂದು ಕೇಳಿದಳು. ಆವತ್ತಿನಿಂದ ಅವಳು ನನ್ನ ಬಾಲ್ಯದ ಕಥೆಗಳನ್ನು ಅರ್ಧ ಬೆಲೆಗೇ ಕೊಳ್ಳುವುದು.

ಈಗ ಮುಖ್ಯ ವಿಷಯ. ಮಾವನ ಕೋವಿ ಹಿಂದಿನ ಚುನಾವಣೆಗೆ ಠಾಣೆಗೆ ಹೋದದ್ದು ವಾಪಸು ಬಂದಿರಲಿಲ್ಲ. ಪೊರೆಯಿಂದಾಗಿ ಮಾವ ಹೋಗಿ ಬಿಡಿಸಿಕೊಂಡಿರಲಿಲ್ಲ, ಅಷ್ಟರಲ್ಲಿ ಪರವಾನಗಿಯ ಅವಧಿಯೂ ಮುಗಿಯುತ್ತ ಬಂದಿತ್ತು. ನವೀಕರಣಕ್ಕೆ ಅರ್ಜಿ ಹಾಕಿ ಕೋವಿ ಬಿಡಿಸಿಕೊಳ್ಳಿ, ಇಲ್ಲವೇ ಶಾಶ್ವತವಾಗಿ ಒಪ್ಪಿಸಿಬಿಡಿ ಎಂದು ಠಾಣೆಯಿಂದ ಹೇಳಿಕಳಿಸಿದ್ದರು. ಒಪ್ಪಿಸಿಬಿಡಿ ಎಂಬುದು ಅತ್ತೆಯ ಮಾತೂ ಆಗಿತ್ತು. ಚನ್ನರಾಯಪಟ್ಟಣದಲ್ಲಿರುವ ಮಗಳು ಮಂಜುಳಾ, ಆ ದರಿದ್ರದ್ದು ಮತ್ತೆ ಗೋಡೆ ಮೇಲೆ ಬಂದರೆ ನನ್ನ ಮಕ್ಕಳನ್ನು ಊರಿಗೆ ಕಳಿಸುವುದಿಲ್ಲ ಎಂದು ಫೋನಿನಲ್ಲಿ ಹೇಳಿದ್ದಳು. ಮಾವ ಇಬ್ಬರಿಗೂ ಜಗ್ಗಲಿಲ್ಲ. ಅವರ ಊರಲ್ಲಿ ರುದ್ರಪ್ಪಂದಿರು ಮೂವರು. ಒಬ್ಬ ಡೈರಿ ರುದ್ರಪ್ಪ, ಇನ್ನೊಬ್ಬ ಸೊಸೈಟಿ ರುದ್ರಪ್ಪ, ನಮ್ಮ ಮಾವ ಕೋವಿ ರುದ್ರಪ್ಪ. ಕೋವಿ ಹೋದರೆ ಉಳಿಯುವುದೇನು?

"ಬರೀ ರುದ್ರಪ್ಪ ಅಂತ ಬಂದ್ರೆ ಅಂಚೆಯವ್ನು ಕಾಗ್ದಾನ ಯಾರ್ ಮನೆಗೆ ಕೊಡ್ತಾನೆ ಯೋಳು" ಎಂದು ನನ್ನ ಕೈ ಹಿಡಿದುಕೊಂಡರು. "ನೀನು ಓದ್ದೋನು. ಅರ್ಜಿ ಚೆಂದಾಗಿ ಬರ್ಕೊಡ್ಲಾ. ಕೋವಿ ಮನೆಗೆ ಬರ್ಬೇಕು."

ಬರೆದೆ. ಅರ್ಜಿಗೆ ಒಂದು ಪುಟ ಸಾಕಾಗಿತ್ತು, ನನ್ನ ವಿದ್ಯೆಗೆ ಸಾಲಲಿಲ್ಲ, ಮೂರು ಪುಟವಾಯಿತು. ಆಯುಧದಿಂದ ಬೆಳೆ ರಕ್ಷಣೆಯಾದ ಬಗ್ಗೆ ನಿದರ್ಶನ ಒಂದಿದ್ದರೆ ಅರ್ಜಿಗೆ ತೂಕ ಬರುತ್ತದೆ ಎನ್ನಿಸಿ, ಆ ಸಂಜೆಯನ್ನು ಬರೆದು, ಪ್ರತ್ಯಕ್ಷದರ್ಶಿಯಾಗಿ ನಾನೇ ಕೆಳಗೆ ಸಹಿ ಮಾಡಿದೆ. ಠಾಣೆಯ ವ್ಯವಹಾರವಾದ್ದರಿಂದ ಹಂದಿಯನ್ನು ಮತ್ತೆ ಓಡಿಸಿಬಿಟ್ಟೆ. ಗಟ್ಟಿಯಾಗಿ ಓದಿ ಹೇಳಿದಾಗ ಮಾವ ಕಪ್ಪು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೊನೆಗೆ "ಅದೊಂದು ಬ್ಯಾಡ ಬುಡ್ಲಾ" ಎಂದರು. ಸಂಕೋಚ ಎಂದುಕೊಂಡೆ. ದೊಡ್ಡವರ ಸಂಕೋಚವನ್ನು ಗೌರವಿಸುತ್ತಲೇ ಆ ಪ್ಯಾರಾವನ್ನು ಉಳಿಸಿಕೊಂಡೆ.

ಅದೇ ವಾರ ಧಾರಾವಾಹಿಯಲ್ಲಿ ಹೀಗಾಯಿತು. ಹಲ್ಲಿನ ಡಾಕ್ಟರು ಒಂದು ಗೋದಾಮಿನಲ್ಲಿ ನಿಂತಿದ್ದಾಳೆ. ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಏನೋ ಅಲ್ಲಾಡುತ್ತದೆ. ಅವಳು ಟಾರ್ಪಾಲು ಸರಿಸುವುದೂ ಇಲ್ಲ, ಯಾರು ಎಂದು ಕೇಳುವುದೂ ಇಲ್ಲ, ಒಂದರ ಮೇಲೊಂದು ಹೊಡೆಯುತ್ತಾಳೆ. ಕೆಳಗಿದ್ದದ್ದು ಜಾಂಬಿಯೇ. ಅವರ ಲೋಕದಲ್ಲಿ ಅಲ್ಲಾಡಿದ್ದೆಲ್ಲ ಜಾಂಬಿಯೇ ಆಗಿರುತ್ತದೆ, ಅದೊಂದು ದೊಡ್ಡ ಅನುಕೂಲ. ನಾನು ಹನ್ನೊಂದರವರೆಗೆ ಎಣಿಸಿ ಲೆಕ್ಕ ಹೊಂದಿಸಿಕೊಳ್ಳಲು ಮಾವನ ಕಡೆ ತಿರುಗಿದೆ. ಮಾವನ ಬೆರಳುಗಳು ಎಣಿಸುತ್ತಿರಲಿಲ್ಲ. ಎದ್ದು ಗೋಡೆ ಹಿಡಿದುಕೊಂಡು ಜಗಲಿಗೆ ಹೋಗಿಬಿಟ್ಟರು. ಕಣ್ಣಿಗೆ ಡ್ರಾಪ್ಸ್ ಹಾಕುವ ಹೊತ್ತಾಗಿರಬೇಕು ಎಂದುಕೊಂಡು ನಾನು ಮುಂದಿನ ಸಂಚಿಕೆ ಹಾಕಿದೆ.

ಎರಡನೆಯ ಕಣ್ಣೂ ಸರಿಹೋಗಿ ಡಾಕ್ಟರು ಬಿಡುಗಡೆ ಕೊಟ್ಟ ಮೇಲೆ ಒಂದು ಬೆಳಿಗ್ಗೆ ಮಾವ, ನಾನು ಬಸ್ಸು ಹತ್ತಿದೆವು. ಅರಕಲಗೂಡಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಠಾಣೆ ಸೇರಿದೆವು. ಯಾವ ಠಾಣೆ ಎಂದು ಬರೆಯುವುದಿಲ್ಲ, ನಮಗೆ ಟೀ ತರಿಸಿಕೊಟ್ಟವರು. ಮಾವ ದಾರಿಯುದ್ದಕ್ಕೂ ಕಿಟಕಿಯಿಂದ ಬೋರ್ಡುಗಳನ್ನು ಓದುತ್ತ, ಹಸಿರು ಇಷ್ಟು ಹಸಿರಾಗಿರುತ್ತದೆ ಎಂಬುದೇ ಮರೆತುಹೋಗಿತ್ತು ಎನ್ನುತ್ತ ಬಂದಿದ್ದರು.

ಹೆಡ್ ಕಾನ್‌ಸ್ಟೇಬಲ್ ನಿವೃತ್ತಿಯ ಅಂಚಿನಲ್ಲಿದ್ದವರು. ಅದೇ ಕಡೆಯವರಂತೆ, ಅವರ ತಂದೆಯ ಕಾಲದಲ್ಲಿ ಮನೆಯಲ್ಲಿ ಇಂಥದೇ ಕೋವಿ ಇತ್ತಂತೆ. ಒಳಗಿನಿಂದ ಚೀಟಿ ಕಟ್ಟಿದ ಕೋವಿಯನ್ನು ತಂದು ಮೇಜಿನ ಮೇಲಿಟ್ಟರು. ಮಾವ ಹೊಸ ಕಣ್ಣಿನಿಂದ ಅದನ್ನು ನೋಡಿ, ಇಷ್ಟು ಸಣ್ಣದಿತ್ತಾ ಎಂದರು. ಹೆಡ್ ಕಾನ್‌ಸ್ಟೇಬಲ್ ನನ್ನ ಮೂರು ಪುಟಗಳನ್ನು ಕೈಯಲ್ಲಿ ತೂಗಿ ನೋಡಿ ಪಕ್ಕಕ್ಕಿಟ್ಟು, ಖಾಲಿ ಇದೆಯಲ್ಲ ಎಂದು ಕೇಳಿದರು. "ಖಾಲಿ ಐತೆ ಸಾ" ಎಂದರು ಮಾವ. ಪ್ರತಿ ಸಲವೂ ಇದೇ ಮಾತಾಗಿ ಮುಗಿಯುತ್ತಿತ್ತಂತೆ. ಈ ಸಲ ಅವರು ಹಳೆಯ ಅಭ್ಯಾಸವೋ ಏನೋ, ಕೋವಿಯ ಕೆಳಗೆ ಸಿಕ್ಕಿಸಿದ್ದ ಸಲಾಕೆಯನ್ನು ಎಳೆದು ನಳಿಗೆಯೊಳಗೆ ಬಿಟ್ಟರು. ಸಲಾಕೆ ಒಳಗೆ ತಡೆದು ನಿಂತ ಮೇಲೆ, ನಳಿಗೆಯ ಬಾಯಿಯ ನೇರಕ್ಕೆ ಅದರ ಮೇಲೆ ಹೆಬ್ಬೆರಳಿಟ್ಟು ಗುರುತು ಹಿಡಿದು ಹೊರಗೆ ತೆಗೆದರು. ಅದೇ ಅಳತೆಯನ್ನು ನಳಿಗೆಯ ಹೊರಗೆ ಉದ್ದಕ್ಕೆ ಇಟ್ಟು ನೋಡಿದರು. ಸಲಾಕೆಯ ತುದಿ ಕೇಪು ಕೂರುವ ಜಾಗದವರೆಗೆ ಬರಲಿಲ್ಲ. ನಾಲ್ಕು ಬೆರಳು ಕಡಿಮೆ ಬಿತ್ತು.

ಅವರು ಎರಡು ಸಲ ಅಳೆದರು. ಆಮೇಲೆ ನಿಧಾನವಾಗಿ ಕೋವಿಯ ಬಾಯಿಯನ್ನು ನಮ್ಮ ಕಡೆಯಿಂದ ಗೋಡೆಯ ಕಡೆಗೆ ತಿರುಗಿಸಿದರು.

"ಒಳಗೈತೆ ಯಜಮಾನ್ರೇ. ನಾಲ್ಕು ಬೆಳ್ಳು. ಅಂದಿ ಹೊಡ್ಯಾಕೆ ತುಂಬ್ದಂಗೈತೆ."

ಠಾಣೆಯಲ್ಲಿದ್ದ ಇಬ್ಬರು ಎದ್ದು ಬಾಗಿಲಿನ ಹತ್ತಿರ ಹೋದರು. ಕೇಪಿಲ್ಲದೆ ಅದು ಸಿಡಿಯುವುದಿಲ್ಲ ಎಂದು ಹೆಡ್ ಕಾನ್‌ಸ್ಟೇಬಲ್ ಸಮಾಧಾನ ಹೇಳುತ್ತಲೇ ಅದನ್ನು ಹಿತ್ತಲಿಗೆ ಒಯ್ದು ನಳಿಗೆಗೆ ನೀರು ಸುರಿದು ಬಕೆಟ್ಟಿನಲ್ಲಿ ನಿಲ್ಲಿಸಿದರು. ಟೀ ಬಂದದ್ದು ಆಗಲೇ. ಬಹಳ ಹೊತ್ತಿನ ಮೇಲೆ ತಂತಿಯ ಕೊಕ್ಕೆ ಹಾಕಿ ಎಳೆದಾಗ ಮೊದಲು ಕಪ್ಪಾದ ತೆಂಗಿನ ನಾರು ಬಂತು, ಆಮೇಲೆ ತಟ್ಟೆಗೆ ಒಂದೊಂದಾಗಿ ಚರೆ ಬಿದ್ದವು, ಮತ್ತೆ ನಾರು, ಕೊನೆಯಲ್ಲಿ ಇದ್ದಿಲಿನ ಕೆಸರಿನಂಥ ಮದ್ದು. ಮಂಜುಳಾ ಹುಟ್ಟಿ ಬೆಳೆದದ್ದು ಆ ಗೋಡೆಯ ಕೆಳಗೆ. ಅವಳ ಮಕ್ಕಳು ಮೊನ್ನೆ ಮೊನ್ನೆಯವರೆಗೆ ಆಡಿದ್ದು ಆ ಗೋಡೆಯ ಕೆಳಗೆ.

ಮಾವ ಹಿತ್ತಲಿನ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟರು. ನಾನು ಪಕ್ಕದಲ್ಲಿ ಕೂತೆ. ನನ್ನ ತಲೆಯಲ್ಲಿ ಆಗಲೇ ಶಾಸ್ತ್ರ ಕೆಲಸ ಶುರುಮಾಡಿತ್ತು. ಎಂದೋ ತುಂಬಿದ್ದು ಒಳಗೇ ಇದೆ ಎಂದರೆ ಅದಾದ ಮೇಲೆ ಹಾರಿಸಿಲ್ಲ ಎಂದಾಯಿತು. ಅದಕ್ಕೆ ಮುಂಚೆ ಹಾರಿಸಿರಬಹುದು. ನನ್ನ ಸಂಜೆಗೆ ಇನ್ನೂ ಜಾಗವಿದೆ.

"ಮಾವ, ಆವತ್ತು ಹಾರಿಸಿದ ಮೇಲೆ ಮತ್ತೆ ತುಂಬಿಟ್ಟಿದ್ರಾ?" ಎಂದು ಕೇಳಿದೆ.

ಮಾವ ನನ್ನ ಮುಖ ನೋಡಿದರು. ಎಷ್ಟೋ ವರ್ಷದ ಮೇಲೆ ಅವರು ನನ್ನ ಮುಖವನ್ನು ಅಷ್ಟು ಹೊತ್ತು ನೇರವಾಗಿ ನೋಡಿದ್ದು ಅದೇ ಮೊದಲಿರಬೇಕು.

"ಜೀವಮಾನ್ದಾಗೆ ತುಂಬಿದ್ದು ಒಂದೇ ಸಲ ಕಣ್ಲಾ" ಎಂದರು. "ಆವತ್ತೇ. ಗುಡ್ಲಾಗೆ ಕೂತಿರು ಅಂದಿದ್ದೆ ನಿಂಗೆ. ನೀನು ಕರಿಕಂಬ್ಳಿ ಹೊದ್ಕಂಡು, ನಾಕು ಕಾಲಾಗೆ, ಗೆಡ್ಡೆ ಸಾಲಾಗೆ ಅಂದಿ ಆಟ ಆಡ್ತಿದ್ದೆ."

ನಾನು ಅವರ ಕಡೆ ತಿರುಗಿ ಕೂತೆ.

"ಕೋವಿ ಎತ್ತಿ ಬೆಳ್ಳು ಇಟ್ಟಿದ್ದೆ. ಅಷ್ಟ್ರಾಗೆ ಅಂದಿ ಕೆಮ್ತು." ಮಾವ ಟೀ ಲೋಟವನ್ನು ಬೆಂಚಿನ ಮೇಲೆ ಇಟ್ಟರು. "ಅಂದಿ ಕೆಮ್ಮಾಕಿಲ್ವಲ್ಲ."

ಮತ್ತೆ ಢಮ್ಮೆಂದದ್ದು ಏನು, ಎರಡು ದಿನ ನನ್ನ ಎಡಗಿವಿ ಗುಂಯ್ ಎಂದದ್ದು ಯಾಕೆ ಎಂದು ಕೇಳಿದೆ. ಪ್ರಶ್ನೆ ಬಾಯಿಂದ ಹೊರಟ ಮೇಲೆ, ನಲವತ್ತು ವರ್ಷದಲ್ಲಿ ಇದನ್ನು ಒಂದು ಸಲವೂ ಕೇಳಿಲ್ಲವಲ್ಲ ಎನಿಸಿತು.

"ಬಾರ್‌ಸಿದ್ನಲ್ಲ ಕೆನ್ನೆಗೆ" ಎಂದರು ಮಾವ. "ಅಂಗೆ ಹೊಡ್ದಿರ್ಲಿಲ್ಲ ಯಾರ್ಗೂ. ಆಮ್ಯಾಲೆ ಎತ್ಕಂಡು ಮನೆಗಂಟ ಬಂದೆ. ಕೇಪು ಕಿತ್ತು ಹೊಲಕ್ಕೆ ಎಸ್ದೆ. ಕೋವಿ ಗೋಡೆಗೆ ನೇತಾಕ್ದೆ. ನಿಮ್ಮವ್ವನ್ಗೂ ಯೋಳ್ನಿಲ್ಲ, ನಿಮ್ಮತ್ತೆಗೂ ಯೋಳ್ನಿಲ್ಲ. ಮ್ಯಾಲೆ ಎಣ್ಣೆ ಒರೆಸ್ತಿದ್ದೆ, ಒಳಗ್ ನೋಡ್ನಿಲ್ಲ ಕಣಪ್ಪ. ಮರ್ತೇಬಿಟ್ಟೆ ಅಂದ್ಕಂಡಿದ್ದೆ."

ಹೊಗೆ ಎಂದುಕೊಂಡದ್ದು ಆಲೂಗೆಡ್ಡೆ ಸುಡುವ ಬೆಂಕಿಯದಾಗಿರಬೇಕು. ಹಂದಿ ಓಡಿದ್ದು ನಾನು ಓಡಿದ್ದಿರಬೇಕು. ಓಡಿದೆನೋ, ಬಿದ್ದೆನೋ, ಅತ್ತೆನೋ. ಎಷ್ಟು ಕೆದಕಿದರೂ ಆ ಹೊಡೆತ ನನಗೆ ನೆನಪಾಗಲಿಲ್ಲ. ಮಾವನ ಮಾತನ್ನಾದರೂ ಹೇಗೆ ನಂಬುವುದು, ಅವರಿಗೆ ಎಪ್ಪತ್ತೆಂಟು, ಮೊನ್ನೆಯ ಔಷಧಿಯೇ ನೆನಪಿರುವುದಿಲ್ಲ ಎಂದು ನನ್ನ ವಿದ್ಯೆ ಒಳಗಿನಿಂದ ಇನ್ನೂ ವಾದಿಸುತ್ತಿತ್ತು. ಅದರ ಎದುರಿಗೆ ತಟ್ಟೆಯಲ್ಲಿ ಚರೆಗಳಿದ್ದವು. ಇಪ್ಪತ್ತೋ ಮೂವತ್ತೋ. ನಾನು ಎಣಿಸಲಿಲ್ಲ.

ಎಂಟು ಸೀಸನ್ನುಗಳಲ್ಲಿ ಆ ಡ್ರೈವರು ಎಷ್ಟು ಸಾವಿರ ಗುಂಡು ಹಾರಿಸಿದನೋ ಲೆಕ್ಕವಿಲ್ಲ, ಪ್ರತಿಯೊಂದಕ್ಕೂ ಒಂದೊಂದು ಚೂರು ಬೆಳೆದನಂತೆ. ಮೀಸೆಯನ್ನು ಕೂಡ ವಾರಕ್ಕೊಮ್ಮೆ ಕತ್ತರಿಸಿಕೊಳ್ಳುವ ನಮ್ಮ ಮಾವನ ವಿಷಯದಲ್ಲಿ ನನಗೆ ಯಾವ ಸುಳಿವೂ ಸಿಕ್ಕಿರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಕೈ ಒರೆಸಿಕೊಂಡು ಬಂದು, ಇನ್ನು ಯೋಚನೆಯಿಲ್ಲ, ಖಾಲಿಯಾಯಿತು, ಅರ್ಜಿ ಮೇಲಕ್ಕೆ ಕಳಿಸುತ್ತೇನೆ ಎಂದರು. ಮಾವ ಬೇಡ ಎಂದರು. ಒಪ್ಪಿಸಿಬಿಡುತ್ತೇನೆ ಎಂದರು. ಊರಿನಲ್ಲಿ ಏನೆಂದು ಕರೆಯುತ್ತಾರೆ ಎಂದು ನಾನು ಕೇಳಬಹುದಾಗಿತ್ತು, ಕೇಳಲಿಲ್ಲ. ಅವರು ಮೇಜಿನ ಮೇಲಿದ್ದ ನನ್ನ ಮೂರು ಪುಟಗಳನ್ನು ತೆಗೆದುಕೊಂಡು, ನಿದರ್ಶನದ ಪ್ಯಾರಾವನ್ನು ತಾವೇ ಮೊದಲಿನಿಂದ ಕೊನೆಯವರೆಗೆ ಓದಿ, ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು.

ಒಪ್ಪಿಸುವುದಕ್ಕೆ ಬೇರೆ ಹೇಳಿಕೆ ಬೇಕಿತ್ತು. ಒಂದು ಬಿಳಿ ಹಾಳೆ ಕೊಟ್ಟರು. ಕಾರಣ ಏನೆಂದು ಬರೆಯಲಿ ಎಂದು ಕೇಳಿದೆ. ಮಾವ ಹೇಳಿದ್ದನ್ನು ಬರಹದ ಕನ್ನಡಕ್ಕೆ ತಂದು ಎರಡೇ ಸಾಲು ಬರೆದೆ. 'ಈ ಕೋವಿಯಿಂದ ನಾನು ಒಂದು ಸಲವೂ ಗುಂಡು ಹಾರಿಸಿರುವುದಿಲ್ಲ. ಇನ್ನು ಮುಂದೆ ಇದು ನನಗೆ ಬೇಕಾಗಿರುವುದಿಲ್ಲ.' ಮಾವ ಅಕ್ಷರ ಅಕ್ಷರ ಕೂಡಿಸಿ ಸಹಿ ಹಾಕಿದರು. ಅದರ ಕೆಳಗೆ, ಮೇಲ್ಕಂಡದ್ದು ನನಗೆ ತಿಳಿದಂತೆ ಸತ್ಯ ಎಂದು ಸಾಕ್ಷಿಯೊಬ್ಬರು ಸಹಿ ಮಾಡಬೇಕಿತ್ತು.

ನಾನು ಪೆನ್ನು ತೆಗೆದುಕೊಂಡೆ. ಹೆಡ್ ಕಾನ್‌ಸ್ಟೇಬಲ್ ಹಾಳೆಯ ಮೇಲೆ ಬೆರಳಿಟ್ಟು ತಡೆದರು.

"ಒಂದ್ ಸಲಾನೂ ಹಾರ್ಸಿಲ್ಲ ಅಂತೀರಿ. ಆ ತುಂಬಿದ್ ದಿನ ನೀವು ಅಲ್ಲಿದ್ರಾ ಸಾ?"

ಮಾವ ತಲೆ ಎತ್ತಲಿಲ್ಲ. ಮೇಜಿನ ಅಂಚನ್ನು ಹಿಡಿದುಕೊಂಡಿದ್ದರು.

ಇದ್ದೆ ಎಂದು ಹೇಳಿ ಸಹಿ ಮಾಡಿದೆ.